ಅಂಜಿದವರಿಗೆ ಬೆಳಗುವ ಮರಗಳು

ಮನುಷ್ಯರ ಹೆದರಿಕೆಯ ವಾಸನೆಯನ್ನು ಹೊಂಗೆಯ ಎಲೆಗೆ ಕಲಿಸಬಹುದು ಎಂದು ಸಸ್ಯಶಾಸ್ತ್ರದ ಪ್ರೊಫೆಸರ್ ನೀಲಾಂಬಿಕಾ ಹೊಸಮನಿ ನವಿಲುಗುಡ್ಡ ವಿಶ್ವವಿದ್ಯಾಲಯದ ಸಭೆಯಲ್ಲಿ ಮೊದಲ ಸಲ ಹೇಳಿದಾಗ ಯಾರೂ ನಗಲಿಲ್ಲ. ನಗುವಷ್ಟು ಗಮನ ಕೊಟ್ಟು ಕೇಳಿದವರೇ ಅಲ್ಲಿರಲಿಲ್ಲ. ಒಬ್ಬರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು, ಇನ್ನೊಬ್ಬರು ಕಿಟಕಿಯಾಚೆ ತಮ್ಮ ಕಾರಿಗೆ ನೆರಳು ಬಿದ್ದಿದೆಯೇ ಎಂದು ನೋಡುತ್ತಿದ್ದರು. ತಲೆಯೆತ್ತಿದವರು ರಸಾಯನಶಾಸ್ತ್ರದ ಪ್ರೊಫೆಸರ್ ಅಮರನಾಥ ಗುಡಸಿ ಒಬ್ಬರೇ.

"ಮುಂದ ಹೇಳ್ರಿ ಮೇಡಂ. ಅದು ಹೆಂಗ?" ಎಂದರು.

ಆ ಒಂದು ಪ್ರಶ್ನೆಯ ಉಪಕಾರವನ್ನು ನೀಲಾಂಬಿಕಾ ಬಹಳ ವರ್ಷ ಮರೆಯಲಿಲ್ಲ.

ವಿಷಯ ತೀರ ಕಠಿಣವೇನಲ್ಲ. ಬಿಸಿಲಲ್ಲಿ ದುಡಿದವರ ಬೆವರು ಬೇರೆ, ಹೆದರಿದವರ ಬೆವರು ಬೇರೆ. ನಾಯಿಗಳಿಗೆ ಇದು ಎಂದಿನಿಂದಲೋ ಗೊತ್ತು. ಹೆದರಿದವರ ಬೆವರಿನಿಂದ ಗಾಳಿಗೆ ಹಾರುವ ಒಂದು ಅಣು ಎಲೆಯ ಸಣ್ಣ ರಂಧ್ರಗಳನ್ನು ಹೊಕ್ಕರೆ ಎಲೆ ಬೆಳಗುವಂತೆ ಅವಳು ಹೊಂಗೆಯ ವಂಶವಾಹಿಯನ್ನು ತಿದ್ದಿದ್ದಳು. ಬೆಳಗುವ ಗುಣವನ್ನು ಮಳೆಗಾಲದ ಕಾಡಿನಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಮಿನುಗುವ ಅಣಬೆಯಿಂದ ತಂದಿದ್ದಳು. ಇನ್ನು, ಹುಳು ಬಿದ್ದ ಗಿಡ ಪಕ್ಕದ ಗಿಡಕ್ಕೆ ಗಾಳಿಯಲ್ಲೇ ಸುದ್ದಿ ಮುಟ್ಟಿಸುವುದು ಸಸ್ಯಶಾಸ್ತ್ರದವರಿಗೆ ಹಳೆಯ ಸಂಗತಿ. ಹಾಗಾಗಿ ಒಂದು ಮರ ಬೆಳಗಿದರೆ ಪಕ್ಕದ್ದೂ ಮಂದವಾಗಿ ಬೆಳಗುತ್ತದೆ, ಅದರ ಪಕ್ಕದ್ದು ಇನ್ನಷ್ಟು ಮಂದವಾಗಿ. ಅಂಜಿದವರು ನಿಂತ ಜಾಗದಿಂದ ಕಾವಲು ಗೇಟಿನವರೆಗೆ ತಿಳಿಹಸಿರು ಬೆಳಕಿನ ಒಂದು ಎಳೆ ಓಡುತ್ತದೆ. ಅದನ್ನು ಹಿಡಿದು ಕಾವಲಿನವರು ಓಡಿಬಂದರೆ ಸಾಕು.

ಆದರೆ ಅವಳಿಗೆ ಈ ಹುಚ್ಚು ಹತ್ತಿದ್ದು ಪ್ರಯೋಗಾಲಯದಲ್ಲಲ್ಲ, ಅದೇ ವಿಶ್ವವಿದ್ಯಾಲಯದ ದಾರಿಯಲ್ಲಿ, ಅವಳು ಎಂ.ಎಸ್ಸಿ. ಓದುತ್ತಿದ್ದ ಕಾಲದಲ್ಲಿ.

ಆಗ ಗುಡ್ಡದ ಮೇಲೆ ಗ್ರಂಥಾಲಯ, ಕೆಳಗೆ ತಗ್ಗಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್. ನಡುವಿನ ದಾರಿಯಲ್ಲಿ ದೀಪದ ಕಂಬಗಳಿದ್ದವು, ದೀಪಗಳಿರಲಿಲ್ಲ. ಹುಡುಗಿಯರ ಕೈಯಲ್ಲಿ ತುದಿಗೆ ಪುಟ್ಟ ಟಾರ್ಚ್ ಇರುವ ಬಟನ್ ಫೋನು. ಅದರ ಬೆಳಕಿಗೆ ಮುಂದಿನವಳ ಹಿಮ್ಮಡಿ ಕಂಡರೆ ಪುಣ್ಯ. ಗ್ರಂಥಾಲಯ ಮುಚ್ಚುವ ಹೊತ್ತಿಗೆ ಎಲ್ಲರೂ ಮೆಟ್ಟಿಲ ಮೇಲೆ ಸೇರುತ್ತಿದ್ದರು. ಅವರಿಗೆಲ್ಲ ಮುಂದಾಳು ಹಳೇ ಹುಬ್ಬಳ್ಳಿಯ ಮೆಹರುನ್ನಿಸಾ, ನೀಲಾಂಬಿಕಾಳ ರೂಮ್‌ಮೇಟ್. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ.

"ಎಲ್ಲಾರೂ ಬಂದ್ರೇನ? ಆ ಇತಿಹಾಸದ ಕನ್ನಡಕ ಎಲ್ಲೈತಿ? ಕರೀರಿ ಆಕಿನ್ನ, ಇಲ್ಲಾಂದ್ರ ಯಾರೂ ಹೆಜ್ಜಿ ಕಿತ್ತಬ್ಯಾಡ್ರಿ!"

ಇತಿಹಾಸದ ಕನ್ನಡಕದ ಹುಡುಗಿ ಪುಸ್ತಕ ಅವಚಿಕೊಂಡು ಓಡಿಬಂದ ಮೇಲೆಯೇ ಮೆರವಣಿಗೆ ಹೊರಡುತ್ತಿತ್ತು. ಗಿರಮಿಟ್ಟಿನ ಪೊಟ್ಟಣ ಮುಂದಿನಿಂದ ಹಿಂದಕ್ಕೆ ಕೈ ಬದಲಾಯಿಸುತ್ತ ಬಂದು, ಕೊನೆಯವಳಿಗೆ ಕಾಗದಕ್ಕೆ ಅಂಟಿದ ಖಾರ ಮಾತ್ರ ಉಳಿಯುತ್ತಿತ್ತು. ಹಾಡು ಶುರುವಾದರೆ ಶ್ರುತಿಯ ಮಾತು ಯಾರೂ ಎತ್ತುತ್ತಿರಲಿಲ್ಲ. ಚೈತ್ರದಲ್ಲಿ ಹೊಂಗೆ ಹೂ ಉದುರಿ ದಾರಿ ತುಂಬ ಚುರುಮುರಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಆ ಹೂವಿನ ಮೇಲೆ ಚಪ್ಪಲಿಯ ಸದ್ದಾಗುತ್ತಿರಲಿಲ್ಲ. ಮಾತಿನ ಸದ್ದೇ ಎಲ್ಲ. ಅಷ್ಟು ಕತ್ತಲೆಯಲ್ಲಿ ಅಷ್ಟು ನಿರ್ಭಯವಾಗಿ ಆಮೇಲೆ ಎಂದೂ ನಡೆದ ನೆನಪು ನೀಲಾಂಬಿಕಾಳಿಗಿರಲಿಲ್ಲ.

ಒಂದು ಸಂಜೆ ಮೆಹರ್ ಮಾತ್ರ ಪ್ರಾಕ್ಟಿಕಲ್ ಮುಗಿಸಿ ತಡವಾಗಿ ಒಬ್ಬಳೇ ಇಳಿದು ಬಂದಳು. ದಾರಿಯ ತಿರುವಿನಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಅವಳ ದುಪಟ್ಟಾ ಹಿಡಿದು ಎಳೆದರು. ಬಿದ್ದು ಮಣಿಕಟ್ಟು ಮುರಿಯಿತು. ಅವಳ ಕೂಗಿಗೆ ಬೈಕಿನವರು ಓಡಿದರು, ಸಿಕ್ಕಲಿಲ್ಲ. ಮರುದಿನದಿಂದ ಶಿಕ್ಷೆ ಬಿದ್ದದ್ದು ಹುಡುಗಿಯರಿಗೆ. ಸೂರ್ಯ ಮುಳುಗುವ ಮೊದಲೇ ಹಾಸ್ಟೆಲಿನ ಗೇಟಿಗೆ ಬೀಗ, ಸಂಜೆಯ ಗ್ರಂಥಾಲಯ ಬಂದ್. ವಾರದೊಳಗೆ ಮೆಹರ್‌ಳ ಅಬ್ಬಾ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದರು. ಅವಳ ಎಂ.ಎಸ್ಸಿ. ಅಲ್ಲಿಗೆ ನಿಂತಿತು.

ಆ ದಾರಿಗೆ ಬಾಯಿ ಇದ್ದಿದ್ದರೆ ಅದೂ ಕೂಗುತ್ತಿತ್ತಲ್ಲ ಎಂದು ನೀಲಾಂಬಿಕಾ ಅವತ್ತು ಖಾಲಿ ಮಂಚದ ಮುಂದೆ ಕುಳಿತು ಯೋಚಿಸಿದ್ದಳು. ದಾರಿಗೆ ಬಾಯಿ ಕೊಡಲು ಅವಳ ಅರ್ಧ ಆಯುಷ್ಯ ಬೇಕಾಯಿತು.

ಗುಡಸಿಯವರ ಒತ್ತಾಸೆಯಿಂದ ಗುಡ್ಡದ ದಾರಿಗಳುದ್ದಕ್ಕೂ ಸಸಿಗಳು ನೆಲ ಕಂಡವು. ಮರಗಳು ಆಳೆತ್ತರ ದಾಟಿದ ವರ್ಷವೇ ಸರ ಕಿತ್ತುಕೊಂಡು ಓಡುತ್ತಿದ್ದ ಇಬ್ಬರು ಬೆಳಕಿನಲ್ಲಿ ಸಿಕ್ಕಿಬಿದ್ದರು. ಹೊಸ ಹುಡುಗರನ್ನು ಮೈದಾನದ ಮೂಲೆಗೆ ಕರೆದೊಯ್ದು ಗೋಳು ಹೊಯ್ದುಕೊಳ್ಳುತ್ತಿದ್ದ ಸೀನಿಯರ್‌ಗಳ ಆಟವೂ ನಿಂತಿತು. ಹಾಸ್ಟೆಲಿನ ಗೇಟಿಗೆ ಬೀಗ ಹಾಕುವ ಪದ್ಧತಿಯನ್ನೇ ಕುಲಪತಿಗಳು ತೆಗೆದುಹಾಕಿದರು. ಅಂದು ನೀಲಾಂಬಿಕಾ ಮನೆಗೆ ಬಂದು ಅತ್ತಿದ್ದಳು.

ಜನ ಮರಗಳಿಗೂ ಹೊಂದಿಕೊಂಡರು. ಪರೀಕ್ಷೆಯ ವಾರ ಗುಡ್ಡಕ್ಕೆ ಗುಡ್ಡವೇ ದೀಪಾವಳಿಯಂತೆ ಕಾಣುತ್ತಿತ್ತು. ಆ ವಾರ ಕಾವಲಿನವರು ಸುಮ್ಮನೆ ಕೂಡುತ್ತಿದ್ದರು. ಹುಡುಗರು ಬೆಳಕು ಹತ್ತಿಸದೆ ಯಾರು ದಾಟುತ್ತಾರೆ ಎಂದು ಪಂದ್ಯ ಕಟ್ಟಿದರು. "ದೀಪ ಹಚ್ಚಿದ" ಎಂದರೆ ಪುಕ್ಕಲ ಎಂದು ಅರ್ಥವಾಯಿತು. ಮೌಖಿಕ ಪರೀಕ್ಷೆಗೆ ಬರುವವರು ಬೆವರಿನ ವಾಸನೆ ಮುಚ್ಚಲು ಮೈಗೆಲ್ಲ ಕರ್ಪೂರದ ಎಣ್ಣೆ ಹಚ್ಚಿಕೊಂಡು ಬರತೊಡಗಿದರು. ಮತ್ತು ಯಾರೂ ಯಾರಿಗೂ ಕಾಯುವುದು ನಿಂತಿತು. ಮರಗಳಿವೆಯಲ್ಲ ಎಂದು ಒಬ್ಬೊಬ್ಬರೇ ಕಿವಿಗೆ ಹಾಡು ಸಿಕ್ಕಿಸಿಕೊಂಡು ಇಳಿಯುತ್ತಿದ್ದರು. ಗ್ರಂಥಾಲಯದ ಮೆಟ್ಟಿಲು ಸಂಜೆ ಖಾಲಿ ಇರುವುದನ್ನು ನೋಡಿದಾಗ ನೀಲಾಂಬಿಕಾ ಅಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದಳು. ಸುರಕ್ಷಿತವಾಗಿದ್ದಾರಲ್ಲ, ಇನ್ನೇನು ಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹೀಗಿರುವಾಗ ಮಂದಾಕಿನಿ ಬಿರಾದಾರ ಎಂಬ ಹುಡುಗಿಯ ಪ್ರಸಂಗ ಬಂತು.

"ಅಕ್ಕಾರ, ಮತ್ತ ಆಕೀನ ನೋಡ್ರಿ," ಎಂದ ಕಾವಲು ಮುಖ್ಯಸ್ಥ ಗುರುಪಾದಪ್ಪ, ಕಂಟ್ರೋಲ್ ರೂಮಿನ ಪರದೆಯತ್ತ ಬೆರಳು ಮಾಡಿ. ಸೈನ್ಯದಲ್ಲಿ ಸುಬೇದಾರನಾಗಿದ್ದು ನಿವೃತ್ತನಾದವನು; ಹೆಣ್ಣುಮಕ್ಕಳೆಂದರೆ ಅವನಿಗೆ ಅಂತಃಕರಣ. "ದೀಪಾವಳಿ ಕಳದಾಗಿಂದ ದಿನಾ ಸಂಜೀಕ ಇದ ಕತಿ. ಆಕಿ ನಡದಲ್ಲೆಲ್ಲಾ ಗಿಡಾ ಬೆಳಗತಾವು. ನಮ್ಮವರು ಓಡಿ ಹೋದ್ರ ಹಿಂದ ಯಾರೂ ಇರೂದಿಲ್ಲ, ಮುಂದ ಯಾರೂ ಇರೂದಿಲ್ಲ. ಆಕಿ ಹಿಂದ ನಡದ ಗಂಡಸರನ್ನೆಲ್ಲಾ ಹಿಡದು ಕೇಳೀವ್ರಿ. ಪಾಪ, ಹಾಲು ಕೊಡಾಂವ ಒಬ್ಬಾಂವ ಬರೂದ ಬಿಟ್ಟ."

ಪರದೆಯಲ್ಲಿ ತೆಳ್ಳಗಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದಳು. ಎದುರಾದವರು ಅವಳನ್ನು ಕಂಡು ದಾರಿಯ ಆಚೆ ಬದಿಗೆ ಸರಿದರು. ಹಾಸ್ಟೆಲಿನಲ್ಲಿ ಅವಳಿಗೆ 'ದೀಪದಕ್ಕ' ಎಂದು ಹೆಸರಿಟ್ಟಿದ್ದರಂತೆ. ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳಿಗೆ ಮಾರ್ಗದರ್ಶಕರು ಗುಡಸಿಯವರೇ.

ಸುರಕ್ಷತಾ ಸಮಿತಿಯ ಅಧ್ಯಕ್ಷರೂ ಅವರೇ. ಮುಂದಿನ ಸಭೆಯಲ್ಲಿ ಅವರು ತಣ್ಣಗಿನ ದನಿಯಲ್ಲಿ ಹೇಳಿದರು: "ಹುಡುಗಿ ಶಾಣ್ಯಾಕಿ. ಆದ್ರ ಮನಸು ಭಾಳ ಸೂಕ್ಷ್ಮ. ಹಿಂಗ ದಿನಾ ಕಾವಲಿನವರನ್ನ ಓಡಿಸಿದ್ರ ಖರೇನ ಏನರೆ ಆದಾಗ ಯಾರೂ ಓಡಿ ಬರೂದಿಲ್ಲ. ಒಂದು ವರ್ಷ ಆರೋಗ್ಯದ ರಜಾ ಕೊಟ್ಟು ಮನಿಗೆ ಕಳಸೂಣು. ಆಕಿ ತಂದಿಗೆ ಫೋನ್ ಮಾಡೀನಿ. ನಾಡದು ಬಂದು ಕರ್ಕೊಂಡು ಹೊಕ್ಕಾರ."

ಎಲ್ಲರೂ ತಲೆಯಾಡಿಸಿದರು. ಎದ್ದು ಹೋಗುವಾಗ ಗುಡಸಿಯವರು ನೀಲಾಂಬಿಕಾಳ ಪಕ್ಕ ನಿಂತರು. "ಮುಂದಿನ ತಿಂಗಳು ನಿಮ್ಮ ಗಿಡಗಳನ್ನ ರಾಜ್ಯದ ಎಲ್ಲಾ ಕ್ಯಾಂಪಸ್ಸಿಗೂ ಕೊಡೂ ಮಾತೈತಿ, ಮೇಡಂ. ಒಬ್ಬಾಕಿ ಸಂಬಂಧ ಅವುಕ್ಕ ಕೆಟ್ಟ ಹೆಸರು ಬರೂದು ಬ್ಯಾಡ."

ಮಾತು ಸರಿಯಾಗಿಯೇ ಇತ್ತು. ಆದರೂ ನೀಲಾಂಬಿಕಾ ಕ್ವಾರ್ಟರ್ಸಿಗೆ ಬಂದವಳು ಚಪ್ಪಲಿ ಕಳಚದೆ ಪಡಸಾಲೆಯಲ್ಲಿ ಕುಳಿತುಬಿಟ್ಟಳು. ರೈಲ್ವೆ ಗಾರ್ಡ್ ಆಗಿ ನಿವೃತ್ತನಾಗಿದ್ದ ಗಂಡ ಶಿವಯೋಗಿ ಮೊರದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ.

"ಯಾಕ, ಮಾರಿ ಸಣ್ಣದಾಗೇತಿ?"

ಅವಳು ಎಲ್ಲ ಹೇಳಿದಳು. "ಅಪ್ಪ ಬಂದು ಕರ್ಕೊಂಡು ಹೊಕ್ಕಾನಂತ, ನೋಡ್ರಿ. ಅವತ್ತೂ ಹಿಂಗ ಆಗಿತ್ತು. ಇಷ್ಟು ಗಿಡಾ ಹಚ್ಚಿ ಏನು ಮಾಡಿಧಂಗಾತು ನಾನು?"

ಶಿವಯೋಗಿ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, "ಮೆಹರಕ್ಕಗ ಒಂದು ಫೋನ್ ಹಚ್ಚು," ಎಂದ. "ಹಬ್ಬಕ್ಕ ಬಿಟ್ರ ನೀವಿಬ್ಬರೂ ಮಾತಾಡೂದ ಇಲ್ಲ."

ಮೆಹರ್ ಈಗ ಹುಬ್ಬಳ್ಳಿಯಲ್ಲಿ ಹೊಲಿಗೆಯ ತರಗತಿ ನಡೆಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಗುಡ್ಡದ ಕಡೆ ಒಮ್ಮೆಯೂ ಬಂದಿರಲಿಲ್ಲ. ಫೋನಿನಲ್ಲಿ ಎಲ್ಲ ಕೇಳಿ, "ನಾಳೆ ಸಂಜೀಕ ಬರ್ತೀನಿ," ಎಂದಳು.

ಚಾಲಕನಿಲ್ಲದ ಬಸ್ಸಿನಿಂದ ಇಳಿದವಳು ಮೊದಲು ಅದನ್ನೇ ಬೈದಳು: "ಕಂಡಕ್ಟರ್ ಇಲ್ಲ, ಡ್ರೈವರ್ ಇಲ್ಲ, ಯಾರ ಕೂಡ ಜಗಳಾಡೂದು?" ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎತ್ತರ ಹಾಗೇ ಇತ್ತು. ಇಬ್ಬರೂ ಗ್ರಂಥಾಲಯದಿಂದ ಇಳಿಯತೊಡಗಿದರು. ಮಬ್ಬುಗತ್ತಲೆ. ಮೆಹರ್ ಹಳೆಯ ಗೆಳತಿಯರ ಹೆಸರು ಹಿಡಿದು ಕೇಳುತ್ತಿದ್ದಳು: ಯಾರು ಎಲ್ಲಿ, ಯಾರಿಗೆ ಮೊಮ್ಮಕ್ಕಳು, ಯಾರು ಇಲ್ಲ. ಇತಿಹಾಸದ ಕನ್ನಡಕ ತೀರಿಹೋದಳು ಎಂದಾಗ ನಿಂತು, "ಅಯ್ಯ, ಆಕಿಗೆ ಗಿರಮಿಟ್ ಯಾವತ್ತೂ ಸಿಗಲಿಲ್ಲ ನೋಡು," ಎಂದು ಕಣ್ಣೊರೆಸಿಕೊಂಡಳು.

ತಿರುವು ಹತ್ತಿರ ಬಂದಂತೆ ಮಾತು ಕಡಿಮೆಯಾಯಿತು. ಪಕ್ಕದ ಹೊಂಗೆ ಮೆಲ್ಲಗೆ ತಿಳಿಹಸಿರಾಯಿತು. ತಿರುವಿನಲ್ಲಿ ಕಾಲಿಟ್ಟಾಗ ಮೇಲಿನ ಕೊಂಬೆಗಳೆಲ್ಲ ಹೊತ್ತಿಕೊಂಡಂತೆ ಬೆಳಗಿ, ಇಬ್ಬರ ಮುಖವೂ ಆ ಬೆಳಕಿನಲ್ಲಿ ನಿಚ್ಚಳವಾಯಿತು. ಗುರುಪಾದಪ್ಪನ ಆಳುಗಳು ಓಡಿಬಂದರು.

"ಏನಾತ್ರಿ ಅಮ್ಮಾರ? ಯಾರಿದ್ರು?"

"ಯಾರೂ ಇಲ್ಲಪ್ಪಾ," ಎಂದಳು ಮೆಹರ್, ಮಣಿಕಟ್ಟು ಸವರಿಕೊಳ್ಳುತ್ತ. "ಹಳೇದು. ನೀವು ಹೋಗ್ರಿ."

ಅವರು ಅರ್ಥವಾಗದೆ ಹಿಂದಿರುಗಿದರು. ಮೆಹರ್ ಎಲೆಗಳನ್ನೇ ನೋಡುತ್ತ ನಿಂತಳು. "ಛಲೋ ಮಾಡಿ, ನೀಲಾ. ಅವತ್ತು ಇದು ಇತ್ತಂದ್ರ ಆ ಇಬ್ಬರೂ ಸಿಗತಿದ್ರು. ಆದ್ರ ಒಂದು ಹೇಳತೀನಿ ಕೇಳು. ನಾ ಅವರಿಗೆ ಹೆದರಿ ಓದು ಬಿಟ್ಟಿಲ್ಲ."

"ಮತ್ತ?"

"ಅವತ್ತಿಂದ ಎಲ್ಲಾರೂ ನಂಗ ಹೇಳಾವ್ರ ಆದ್ರು. ವಾರ್ಡನ್ ಹೇಳಿದ್ರು, ರಿಜಿಸ್ಟ್ರಾರ್ ಹೇಳಿದ್ರು, ಅಬ್ಬಾ ಹೇಳಿದ್ರು. ಹಿಂಗಿರು, ಹಂಗಿರು, ನಡಿ ಮನಿಗೆ. ಏನಾತು, ನಿಂಗೇನು ಬೇಕು ಅಂತ ಒಬ್ಬರರೆ ಕೇಳಿದ್ರ ನಾ ಇಲ್ಲೇ ಇರ್ತೀನಿ ಅಂತಿದ್ದೆ. ಕೈ ಮುರದಿತ್ತು, ಬಾಯಿ ಗಟ್ಟಿ ಇತ್ತಲ್ಲ." ಮತ್ತೆ ನಡೆಯತೊಡಗಿ ಕೇಳಿದಳು: "ಆ ಹುಡುಗಿನ್ನ ಯಾರರೆ ಕೇಳೀರೇನು?"

ನೀಲಾಂಬಿಕಾ ಮಾಡಿದ್ದನ್ನೆಲ್ಲ ಎಣಿಸಿದಳು. ಕ್ಯಾಮರಾ ನೋಡಿದ್ದರು. ಹಿಂದೆ ನಡೆದವರನ್ನು ಕೇಳಿದ್ದರು. ಎಲೆಗಳನ್ನು ಅವಳೇ ಪ್ರಯೋಗಾಲಯಕ್ಕೆ ತಂದು ಪರೀಕ್ಷೆ ಮಾಡಿದ್ದಳು. ಹುಡುಗಿಯನ್ನು?

ಎಣಿಸುತ್ತಲೇ ಅವಳ ಕಣ್ಣು ಮರಗಳ ಮೇಲಿತ್ತು. ಮೆಹರ್ ನಡೆದಂತೆ ಬೆಳಕು ತಿರುವಿಗೆ ಏರುತ್ತ ಬಂದಿತ್ತು, ತಿರುವು ದಾಟಿದ ಮೇಲೆ ಇಳಿಯುತ್ತಿತ್ತು. ಭಯ ಎಲ್ಲಿದೆಯೋ ಅಲ್ಲಿ ಹೆಚ್ಚು, ದೂರವಾದಂತೆ ಕಡಿಮೆ. ಮಂದಾಕಿನಿಯ ಬೆಳಕು ಹಾಗಿರಲಿಲ್ಲ. ಪರದೆಯಲ್ಲಿ ಅಷ್ಟು ಸಲ ನೋಡಿದ್ದರೂ ಅವಳಿಗೆ ಹೊಳೆದಿರಲಿಲ್ಲ. ರಸಾಯನಶಾಸ್ತ್ರ ಕಟ್ಟಡದ ಬಾಗಿಲ ಮುಂದಿನ ಮೊದಲ ಮರವೇ ಎಲ್ಲಕ್ಕಿಂತ ಜೋರಾಗಿ ಬೆಳಗುತ್ತಿತ್ತು. ಅಲ್ಲಿಂದ ಹಾಸ್ಟೆಲಿನವರೆಗೆ ಬೆಳಕು ಮಂದವಾಗುತ್ತ ಬರುತ್ತಿತ್ತು. ದಾರಿಯಲ್ಲಿ ಆ ಹುಡುಗಿಗೆ ಅಂಜಿಕೆಯೇ ಇರಲಿಲ್ಲ. ಒಳಗಿನಿಂದ ಬಟ್ಟೆಗೆ ಅಂಟಿಸಿಕೊಂಡು ಬಂದ ಅಂಜಿಕೆ ದಾರಿಯುದ್ದಕ್ಕೂ ಗಾಳಿಗೆ ಆರುತ್ತಿತ್ತು, ಅಷ್ಟೆ.

ನೀಲಾಂಬಿಕಾ ಗೆಳತಿಯ ತೋಳು ಹಿಡಿದಳು. "ಮೆಹರ್, ಹಾಸ್ಟೆಲಿಗೆ ಹೋಗೂಣು ನಡಿ."

ಮಂದಾಕಿನಿ ಬಟ್ಟೆ ಮಡಿಚಿ ಚೀಲಕ್ಕೆ ತುಂಬುತ್ತಿದ್ದಳು. ಇವರಿಬ್ಬರನ್ನು ಕಂಡು ಎದ್ದು ನಿಂತಳು. "ನಾಳೆ ಅಪ್ಪಾ ಬರ್ತಾರ್ರಿ ಮೇಡಂ. ಹೊಕ್ಕೀನ್ರಿ. ನಿಮ್ಮ ಗಿಡಕ್ಕ ಇನ್ನ ತ್ರಾಸ ಆಗೂದಿಲ್ಲ."

ಮೆಹರ್ ಕೇಳದೆಯೇ ಮಂಚದ ಮೇಲೆ ಕುಳಿತು, ಮಡಿಚಿದ ಒಂದು ಚೂಡಿದಾರದ ಹೊಲಿಗೆ ತಿರುವಿ ನೋಡಿದಳು. "ಯಾರು ಹೊಲದಾರವಾ ಇದನ್ನ? ತೋಳು ಸೊಟ್ಟ ಐತಿ."

"ಅವ್ವಾರಿ," ಎಂದಳು ಹುಡುಗಿ, ಅರೆಮನಸ್ಸಿನಿಂದ ನಕ್ಕು.

"ಹಂಗಾರ ಛಲೋ ಐತಿ." ಮೆಹರ್ ಅದನ್ನು ತೊಡೆಯ ಮೇಲಿಟ್ಟುಕೊಂಡಳು. "ಏನಾತವ್ವಾ, ಹೇಳು. ಹೇಳಬೇಕಂತ ಅನಸಿದ್ರ ಹೇಳು."

ನೀಲಾಂಬಿಕಾಳ ಬಾಯಿಗೆ ಎಷ್ಟೋ ಸಮಾಧಾನದ ಮಾತು ಬಂದವು; ಮೆಹರ್ ಕಣ್ಸನ್ನೆಯಲ್ಲೇ ತಡೆದಳು. ಆಮೇಲೆ ಮಂದಾಕಿನಿ ನೆಲ ನೋಡುತ್ತ ಹೇಳತೊಡಗಿದಳು. ಸಂಜೆ ಎಲ್ಲರೂ ಹೋದ ಮೇಲೆ ಗುಡಸಿಯವರು ಕೋಣೆಗೆ ಕರೆಯುವುದು. ಬಾಗಿಲು ಹಾಕುವುದು. ಪ್ರಬಂಧದ ಮಾತು ಆಡುತ್ತ ಹೆಗಲ ಮೇಲೆ ಕೈ ಇಡುವುದು, ಅವಳು ಸರಿದಷ್ಟೂ ಸರಿಯುವುದು. ನನ್ನ ಸಹಿ ಇಲ್ಲದೆ ನಿನಗೆ ಪದವಿಯಿಲ್ಲ ಎನ್ನುವುದು.

"ಯಾರಿಗರೆ ಹೇಳತೀನಿ ಅಂದಿದ್ದಕ್ಕ ನಕ್ಕರ್ರಿ," ಎಂದಳು. "ನಿನ್ನ ಮಾತು ಯಾರು ನಂಬತಾರ, ನಿಂಗ ಹುಚ್ಚ ಅಂಜಿಕಿ ಐತಿ ಅಂತ ಗಿಡಾನ ಸಾಕ್ಷಿ ಹೇಳತಾವು ಅಂದ್ರು."

ನೀಲಾಂಬಿಕಾಳಿಗೆ ಆ ಮೊದಲ ಸಭೆ ನೆನಪಾಯಿತು. ಅಷ್ಟು ಜನರ ಸಭೆಯಲ್ಲಿ ತಲೆಯೆತ್ತಿ 'ಅದು ಹೆಂಗ?' ಎಂದು ಕೇಳಿದ ಮನುಷ್ಯ. ಮರಗಳ ಗುಟ್ಟನ್ನು ಅಷ್ಟು ಆಸಕ್ತಿಯಿಂದ ತಿಳಿದುಕೊಂಡವನು ಅವುಗಳ ಹಿಂದೆಯೇ ಅಡಗಿ ಕುಳಿತಿದ್ದ.

"ನಿಂಗೇನು ಬೇಕು?" ಎಂದು ನೀಲಾಂಬಿಕಾ ಕೇಳಿದಳು.

ಮಂದಾಕಿನಿ ಮೊದಲ ಸಲ ಮುಖವೆತ್ತಿದಳು. "ಮನಿಗೆ ಹೋಗಾಕ ಬ್ಯಾಡ್ರಿ. ನನ್ನ ಕೆಲಸಾ ಮುಗಸಬೇಕು. ಅವರ ಕೈಯಾಗ ಬ್ಯಾಡ."

ಮರುದಿನ ಬಂದ ತಂದೆಯನ್ನು ಮೆಹರ್ ಹಾಸ್ಟೆಲಿನ ಗೇಟಿನಲ್ಲೇ ತಡೆದು, ಬೇವಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಾಡಿದಳು. ಏನು ಹೇಳಿದಳೋ, ಆ ಮನುಷ್ಯ ಕಣ್ಣು ಕೆಂಪಗೆ ಮಾಡಿಕೊಂಡು ಎದ್ದವನು ಮಗಳ ಜೊತೆಗೇ ದೂರು ಕೊಡಲು ಹೋದ.

ವಿಚಾರಣೆಯಲ್ಲಿ ಗುಡಸಿಯವರು ಅಂಜಲಿಲ್ಲ. "ಗಿಡಾ ಬೆಳಗಿದ್ದು ಸಾಕ್ಷಿ ಹೆಂಗ ಆಕ್ಕೈತಿ?" ಎಂದು ನೀಲಾಂಬಿಕಾಳನ್ನೇ ಕೇಳಿದರು. "ಯಾರಿಗೆ ಯಾಕ ಅಂಜಿಕಿ ಅಂತ ಗಿಡಕ್ಕ ಗೊತ್ತಿರತೈತೇನು? ನೀವ ಬರದೀರಿ, ಗೊತ್ತಾಗೂದಿಲ್ಲ ಅಂತ."

"ಖರೇ," ಎಂದಳು ನೀಲಾಂಬಿಕಾ. "ಗಿಡಕ್ಕ ಕಾರಣ ಗೊತ್ತಾಗೂದಿಲ್ಲ. ಅದಕ್ಕ ನಾವು ಆಕಿನ್ನ ಕೇಳಿದ್ವಿ."

ಕೇಳಿದ ಸುದ್ದಿ ಹಬ್ಬಿತು. ಹಿಂದೆ ಗುಡಸಿಯವರ ಕೈಕೆಳಗೆ ಓದಿದ್ದ ಇಬ್ಬರು, ಒಬ್ಬಳು ಬಾಗಲಕೋಟೆಯ ಕಡೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಇನ್ನೊಬ್ಬಳು ಓದು ಬಿಟ್ಟು ಮನೆಯಲ್ಲಿದ್ದವಳು, ತಾವಾಗಿಯೇ ಬಂದು ಹೇಳಿಕೆ ಕೊಟ್ಟರು. ಗುಡಸಿಯವರ ನೌಕರಿ ಹೋಯಿತು, ಪ್ರಕರಣ ಪೊಲೀಸರಿಗೆ ಹೋಯಿತು. ಅವರ ಗೆಳೆಯರು ಸುಮ್ಮನಿರಲಿಲ್ಲ. ಬೇರೆ ಕ್ಯಾಂಪಸ್ಸುಗಳಿಗೆ ಮರ ಕೊಡುವ ಯೋಜನೆಗೆ ತಾಂತ್ರಿಕ ಕೊರತೆಯೆಂಬ ಷರಾ ಬಿದ್ದು ಅದು ಅಲ್ಲಿಗೇ ನಿಂತಿತು. ನರ್ಸರಿಯಲ್ಲಿ ಸಾಲಾಗಿ ಕಾದಿದ್ದ ಸಸಿಗಳನ್ನು ನೀಲಾಂಬಿಕಾ ಒಂದೊಂದೇ ಕೇಳಿದವರ ಹಿತ್ತಲಿಗೆ ಕೊಟ್ಟುಬಿಟ್ಟಳು. ನೋವಾಗಲಿಲ್ಲವೆಂದಲ್ಲ. ಕೊನೆಯ ಸಸಿ ಹೋದ ದಿನ ಅವಳು ಖಾಲಿ ನರ್ಸರಿಯಲ್ಲಿ ಬಹಳ ಹೊತ್ತು ನಿಂತಿದ್ದಳು. ಮಂದಾಕಿನಿ ಬೇರೆ ಮಾರ್ಗದರ್ಶಕಿಯ ಬಳಿ ಕೆಲಸ ಮುಂದುವರಿಸಿದಳು. ಸಂಜೆ ಅವಳು ದಾಟಿದರೆ ಮರಗಳು ಬರೀ ಮರಗಳಾಗಿರುತ್ತಿದ್ದವು.

ಮುಂದಿನ ಪರೀಕ್ಷೆಯ ಕಾಲ. ಗುಡ್ಡದ ತುಂಬ ತಿಳಿಹಸಿರು. ಕಂಟ್ರೋಲ್ ರೂಮಿನವರು ಎಂದಿನಂತೆ ಸುಮ್ಮನೆ ಕುಳಿತಿದ್ದರು. ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಶಿವಯೋಗಿ ರೇಡಿಯೊ ಸಣ್ಣಗೆ ಹಾಕಿಕೊಂಡಿದ್ದ. ಕೆರೆಯ ಕಡೆ ಒಂದೇ ಮರ, ಉಳಿದವುಗಳಿಂದ ದೂರ, ಅಲುಗದೆ ಬೆಳಗುತ್ತಿರುವುದು ನೀಲಾಂಬಿಕಾಳ ಕಣ್ಣಿಗೆ ಬಿತ್ತು.

"ಪರೀಕ್ಷಾದ ಅಂಜಿಕಿ ಇರಬೇಕು ಬಿಡು," ಎಂದ ಶಿವಯೋಗಿ.

"ಇರಬೇಕು," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಇಳಿದಳು.

ಕೆರೆಯ ಕಟ್ಟೆಯ ಮೇಲೆ ಕಟ್ಟುಮಸ್ತಾದ ಒಬ್ಬ ವಿದ್ಯಾರ್ಥಿ ಕುಳಿತಿದ್ದ. ವಿಶ್ವವಿದ್ಯಾಲಯದ ಕುಸ್ತಿ ತಂಡದ ಜರ್ಸಿ. ತಲೆಯ ಮೇಲೆ ಮರ ಬೆಳಗುತ್ತಿದ್ದರೂ ಅವನಿಗೆ ಅದರ ಖಬರಿಲ್ಲ. ಅವಳ ಹೆಜ್ಜೆ ಕೇಳಿ ಗಡಬಡಿಸಿ ಎದ್ದ.

"ಏನಿಲ್ರಿ ಮೇಡಂ. ದೀಪ ತಾನ ಹತ್ತೇತಿ."

"ಗಿಡಾ ನಂದ," ಎಂದಳು ಅವಳು. "ತಾನ ಹತ್ತೂದಿಲ್ಲ. ಏನಾತಪ್ಪಾ?"

ಅವನು ಕೆರೆಯ ನೀರನ್ನು ನೋಡಿದ, ಹಾಸ್ಟೆಲಿನ ಕಡೆ ನೋಡಿದ. ಕೊನೆಗೆ ಕಟ್ಟೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಸ್ವಲ್ಪ ಅತ್ತ ಸರಿದ.

"ಕುಂಡರ್ರಿ ಮೇಡಂ," ಎಂದ. "ಸ್ವಲ್ಪ ಉದ್ದ ಐತ್ರಿ."

ನೀಲಾಂಬಿಕಾ ಸೀರೆಯ ಸೆರಗು ಸರಿಮಾಡಿಕೊಂಡು ಅವನ ಪಕ್ಕ ಕುಳಿತಳು.